ಎರಡರಿಂದ ಮೂರಕ್ಕೆ ಬೀಳುವಾಗಿನ ಗುದ್ದು: ಒಂದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ರಿಪೇರಿ

ಮೂರನೇ ಗೇರ್ ಬೀಳುವಾಗ ಸೀಟಿನ ಹಿಂದಿನಿಂದ ಯಾರೋ ಮೊಣಕಾಲಿನಿಂದ ಗುದ್ದಿದ ಹಾಗೆ ಆಗುತ್ತಿತ್ತು. ಮೊದಮೊದಲು ವಾರಕ್ಕೊಂದು ಸಲ. ಆಮೇಲೆ ದಿನಕ್ಕೊಂದು ಸಲ. ಕೊನೆಗೆ ಗಾಡಿ ಬಿಸಿಯಾದ ಮೇಲೆ ಪ್ರತಿ ಸಲವೂ. ಪಕ್ಕದಲ್ಲಿ ಕೂತವರು "ಏನಾಯ್ತು?" ಅಂತ ಕೇಳಲು ಶುರು ಮಾಡಿದಾಗ ಇನ್ನು ಸುಮ್ನೆ ಕೂರುವ ಹಾಗಿಲ್ಲ ಅನ್ನಿಸಿತು.

ಗಾಡಿ 1,14,000 ಕಿಲೋಮೀಟರ್ ಓಡಿದೆ. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ 6 ಗೇರಿನ ಆಟೋಮ್ಯಾಟಿಕ್. ಎಎಂಟಿ ಅಲ್ಲ, ಸಿವಿಟಿ ಅಲ್ಲ, ಡ್ಯುಯಲ್ ಕ್ಲಚ್ಚೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಮೂರು ಬಗೆಯ ಗೇರ್‌ಬಾಕ್ಸಿನಲ್ಲಿ ಜರ್ಕ್ ಬರುವ ಕಾರಣಗಳೇ ಬೇರೆ. ಒಬ್ಬರು ಮೆಕ್ಯಾನಿಕ್ ಎರಡು ನಿಮಿಷ ಓಡಿಸಿ ನೋಡಿ "ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು" ಅಂದರು. ಇರಬಹುದು. ಆದರೆ ಎರಡು ನಿಮಿಷದಲ್ಲಿ ಅದು ಹೇಗೆ ಗೊತ್ತಾಯಿತು ಅನ್ನೋದು ನನಗೆ ಗೊತ್ತಾಗಲಿಲ್ಲ. ಇಳಿಸುವುದು ಕೊನೆಯ ದಾರಿ. ಅದಕ್ಕೂ ಮುಂಚೆ ಕೆಳಗೆ ಮಲಗಿ ನೋಡುವಂಥದ್ದು ಬೇಕಾದಷ್ಟಿದೆ.

ಮೊದಲ ವಾರ: ಸ್ಪ್ಯಾನರ್ ಮುಟ್ಟಲಿಲ್ಲ

ಒಂದು ಚಿಕ್ಕ ನೋಟ್‌ಬುಕ್ ಗಾಡಿಯಲ್ಲಿ ಇಟ್ಟೆ. ಜರ್ಕ್ ಆದಾಗೆಲ್ಲ ಗಾಡಿ ನಿಲ್ಲಿಸಿದ ಮೇಲೆ ಬರೆದೆ: ಯಾವ ಗೇರಿನಿಂದ ಯಾವ ಗೇರಿಗೆ, ಎಷ್ಟು ವೇಗ, ಕಾಲು ಎಷ್ಟು ಒತ್ತಿದ್ದೆ, ಆಯಿಲ್ ಬಿಸಿ ಎಷ್ಟಿತ್ತು. ಆಯಿಲ್ ಬಿಸಿ ನೋಡಲು ಓಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರ್ ಓದಲು ಇರುವ ಕಿಂಡಿ) ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಒಂದಿತ್ತು. ಅಗ್ಗದ್ದೇ. ಆದರೆ ಫೋನಿನ ಆ್ಯಪ್ ಗೇರ್‌ಬಾಕ್ಸಿನ ಕಂಪ್ಯೂಟರ್ ಜೊತೆ ಮಾತಾಡುವಂಥದ್ದಾಗಿರಬೇಕು. ಬರೀ ಎಂಜಿನ್ ಓದುವ ಆ್ಯಪ್‌ನಿಂದ ಇಲ್ಲಿ ಏನೂ ಪ್ರಯೋಜನ ಇಲ್ಲ.

ಏಳು ದಿನ ಬರೆದದ್ದನ್ನು ಒಟ್ಟು ಮಾಡಿದಾಗ ಕಂಡದ್ದು ಇಷ್ಟು. ಬೆಳಿಗ್ಗೆ ಪಿ (ಪಾರ್ಕ್) ಯಿಂದ ಆರ್‌ಗೆ (ರಿವರ್ಸ್) ಹಾಕಿದರೆ ದೊಡ್ಡ 'ದಡ್'. ಡಿ (ಡ್ರೈವ್) ಗೆ ಹಾಕಿದರೆ ಅದೇ ಸದ್ದು, ಸ್ವಲ್ಪ ಚಿಕ್ಕದು. 1ರಿಂದ 2ಕ್ಕೆ ಬೆಣ್ಣೆಯ ಹಾಗೆ. 2ರಿಂದ 3ಕ್ಕೆ ಗುದ್ದು, ಆಯಿಲ್ 70 ಡಿಗ್ರಿ ದಾಟಿದ ಮೇಲೆ ಜಾಸ್ತಿ. 4ರಿಂದ 5ಕ್ಕೆ ಸಣ್ಣ ಗುದ್ದು, ಗಮನ ಕೊಟ್ಟರೆ ಮಾತ್ರ ಗೊತ್ತಾಗುವಂಥದ್ದು. 3ರಿಂದ 4, 5ರಿಂದ 6 ಸರಿ. ಇದೆಲ್ಲದರ ಜೊತೆ ಇನ್ನೊಂದು: 60ರಿಂದ 70 ಕಿಲೋಮೀಟರ್ ವೇಗದಲ್ಲಿ ಕಾಲು ಹಗುರವಾಗಿ ಇಟ್ಟು ಹೋಗುತ್ತಿದ್ದರೆ ಗಾಡಿ ಒಂದೆರಡು ಸೆಕೆಂಡು ಗಡಗಡ ನಡುಗುತ್ತಿತ್ತು. ರಸ್ತೆ ಮೇಲೆ ಸಾಲಾಗಿ ಬಳಿದ ದಪ್ಪ ಪಟ್ಟೆಗಳ ಮೇಲೆ ಹೋದ ಹಾಗೆ.

ಇಷ್ಟೆಲ್ಲ ನೋಡಿ ನಾನು ತಿಳಿದದ್ದು, ಇದು ಒಂದೇ ರೋಗ, ಒಂದೇ ಕಾರಣ ಅಂತ. ಅದು ತಪ್ಪು. ಆ ತಪ್ಪಿನಿಂದ ಎರಡು ವಾರ ದಂಡವಾಯಿತು.

ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಒಂದೂ ಇರಲಿಲ್ಲ. ಗೇರ್‌ಬಾಕ್ಸ್ ಕಂಪ್ಯೂಟರ್‌ಗೆ ಏನಾದರೂ ಹೇಳಬೇಕಿದ್ದರೆ ಪಿ0700 ಬರುತ್ತದೆ, ಅದು ಬರೀ 'ಇಲ್ಲಿ ಏನೋ ಇದೆ, ಒಳಗೆ ನೋಡು' ಅನ್ನುವ ಸೂಚನೆ. ಗೇರ್ ಜಾರಿದರೆ ಪಿ0730, ಲಾಕಪ್ (ಟಾರ್ಕ್ ಕನ್ವರ್ಟರ್ ಜಾರದಂತೆ ಎಂಜಿನ್‌ಗೆ ನೇರ ಬಿಗಿಯುವ ಕ್ಲಚ್) ಹಿಡಿಯದಿದ್ದರೆ ಪಿ0741, ಹೀಗೆ. ನನ್ನಲ್ಲಿ ಪೂರ್ತಿ ಖಾಲಿ. ಕೋಡ್ ಇಲ್ಲ ಅಂದರೆ ದೋಷ ಇಲ್ಲ ಅಂತಲ್ಲ. ಕಂಪ್ಯೂಟರ್ ಕರೆಂಟ್ ಹರಿಯುತ್ತಿದೆಯಾ ನೋಡುತ್ತದೆ, ಶಾಫ್ಟ್‌ಗಳ ವೇಗ ಹೊಂದುತ್ತಿದೆಯಾ ನೋಡುತ್ತದೆ. ಅರ್ಧ ಸೆಕೆಂಡಿನ ಎಡವಟ್ಟನ್ನು ಅದು ತಪ್ಪು ಅಂತ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನಮ್ಮ ಬೆನ್ನು ತಗೊಳ್ಳುತ್ತದೆ.

ಎಂಜಿನ್ ಕಡೆ ಬೇಗ ಮುಗಿಸಿದೆ. ಎಂಜಿನ್ ಎಷ್ಟು ಭಾರ ಎಳೆಯುತ್ತಿದೆ ಅನ್ನುವ ಲೆಕ್ಕ ತಪ್ಪಿದರೆ ಗೇರ್‌ಬಾಕ್ಸ್ ಒಳಗಿನ ಆಯಿಲ್ ಪ್ರೆಶರ್ ಕೂಡ ತಪ್ಪುತ್ತದೆ, ಆಗಲೂ ಜರ್ಕ್ ಬರುತ್ತದೆ. ಏರ್ ಫ್ಲೋ ಸೆನ್ಸರ್ ರೀಡಿಂಗ್ ಸರಿ ಇತ್ತು, ಥ್ರಾಟಲ್ ಬಾಡಿ ಸ್ವಲ್ಪ ಕಪ್ಪಾಗಿತ್ತು, ಒರೆಸಿದೆ. ಏನೂ ಬದಲಾಗಲಿಲ್ಲ.

ದಡ್ ಸದ್ದು: ಗೇರ್‌ಬಾಕ್ಸ್ ಒಳಗಿನದ್ದಲ್ಲ

ಬಾನೆಟ್ ತೆಗೆದು ತಮ್ಮನನ್ನು ಸೀಟಿನಲ್ಲಿ ಕೂರಿಸಿದೆ. ನಾಲ್ಕೂ ಚಕ್ರಕ್ಕೆ ಅಡ್ಡಗಟ್ಟೆ, ಹ್ಯಾಂಡ್ ಬ್ರೇಕ್, ಕಾಲಿನ ಬ್ರೇಕ್ ಪೂರ್ತಿ. ನಾನು ಪಕ್ಕದಲ್ಲಿ ನಿಂತೆ. ಈ ಪರೀಕ್ಷೆ ಮಾಡುವಾಗ ಗಾಡಿಯ ಮುಂದೆಯಾಗಲಿ ಹಿಂದೆಯಾಗಲಿ ಯಾರೂ ನಿಲ್ಲಬಾರದು.

"ಅಣ್ಣಾ, ಹಾಕ್ಲಾ?"

"ಹಾಕು. ಬ್ರೇಕ್ ಮಾತ್ರ ಬಿಡ್ಬೇಡ."

ಆರ್‌ಗೆ ಹಾಕಿದ ತಕ್ಷಣ ಎಂಜಿನ್ ಒಂದು ಕಡೆ ಎದ್ದು ಕೂತಿತು. ಎಂಜಿನ್ ಸ್ವಲ್ಪ ವಾಲುವುದು ಮಾಮೂಲು. ಇದು ಹಾಗಲ್ಲ, ಬೆರಳಗಲ ಎದ್ದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಡಿ ಗೆ ಹಾಕಿದರೆ ಇನ್ನೊಂದು ಕಡೆಗೆ. ಕೆಳಗೆ ಟಾರ್ಚ್ ಹಿಡಿದು ನೋಡಿದರೆ ಎಂಜಿನ್ ವಾಲದಂತೆ ಹಿಡಿಯುವ ಕೆಳಗಿನ ಟಾರ್ಕ್ ಮೌಂಟ್‌ನ ರಬ್ಬರ್ ಅರ್ಧ ಹರಿದಿತ್ತು. ಚಿಕ್ಕ ಸರಳು ತೂರಿಸಿ ಮೀಟಿದರೆ ಬಾಯಿ ತೆರೆಯುತ್ತಿತ್ತು.

ಮೌಂಟ್ ಬದಲಿಸಲು ಒಂದು ಗಂಟೆ. ಎರಡು ಬೋಲ್ಟ್ ಗೇರ್‌ಬಾಕ್ಸ್ ಕಡೆ, ಒಂದು ಸಬ್‌ಫ್ರೇಮ್ ಕಡೆ. ಎಂಜಿನ್ ತನ್ನ ಭಾರಕ್ಕೆ ಸಹಜವಾಗಿ ಕೂರುವ ಜಾಗಕ್ಕೆ ಬಂದ ಮೇಲೆಯೇ ಬೋಲ್ಟ್ ಕೊನೆಯ ಬಿಗಿ ಮಾಡಬೇಕು. ಇಲ್ಲದಿದ್ದರೆ ಹೊಸ ರಬ್ಬರ್ ಮೊದಲ ದಿನದಿಂದಲೇ ತಿರುಚಿಕೊಂಡು ಕೂರುತ್ತದೆ.

ಡಿ ಸದ್ದು ಪೂರ್ತಿ ಹೋಯಿತು. ಆರ್ ಸದ್ದು ಅರ್ಧ ಹೋಯಿತು. ಆ ಉಳಿದ ಅರ್ಧ ಯಾಕೆ ಅಂತ ಅವತ್ತೇ ಯೋಚಿಸಿದ್ದರೆ ಚೆನ್ನಾಗಿತ್ತು. ಖುಷಿಯಲ್ಲಿ ಬಿಟ್ಟೆ. 2ರಿಂದ 3ರ ಗುದ್ದು ಮಾತ್ರ ಇದ್ದ ಹಾಗೇ ಇತ್ತು.

ನಡುಕ: ಬ್ರೇಕ್ ಪೆಡಲ್ ಹೇಳಿದ್ದು

60ರ ವೇಗದ ಗಡಗಡ ನಡುಕಕ್ಕೆ ಇಬ್ಬರ ಮೇಲೆ ಅನುಮಾನ. ಒಂದು, ಎಂಜಿನ್ ಮಿಸ್ ಹೊಡೆಯುತ್ತಿರಬಹುದು. ಎರಡು, ಟಾರ್ಕ್ ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿರಬಹುದು. ಎರಡೂ ಸೀಟಿನಲ್ಲಿ ಕೂತವನಿಗೆ ಒಂದೇ ಥರ.

ಬೇರೆ ಮಾಡಿ ನೋಡಲು ಖರ್ಚಿಲ್ಲದ ಉಪಾಯ ಒಂದಿದೆ. ಹಿಂದೆ ಗಾಡಿ ಇಲ್ಲದ ನೇರ ರಸ್ತೆಯಲ್ಲಿ ನಡುಕ ಶುರುವಾದಾಗ ಬಲಗಾಲು ಆಕ್ಸಿಲರೇಟರ್ ಮೇಲೆ ಹಾಗೇ ಇಟ್ಟು, ಎಡಗಾಲಿನಿಂದ ಬ್ರೇಕ್ ಪೆಡಲ್ ಸುಮ್ನೆ ಮುಟ್ಟಿ. ಬ್ರೇಕ್ ಹಿಡಿಯಬಾರದು, ಬ್ರೇಕ್ ಲೈಟ್ ಹತ್ತಿದರೆ ಸಾಕು. ಆ ಸ್ವಿಚ್ ಸಿಗ್ನಲ್ ಬಂದ ತಕ್ಷಣ ಕಂಪ್ಯೂಟರ್ ಲಾಕಪ್ ಬಿಡುತ್ತದೆ. ನಡುಕ ತಟ್ಟನೆ ನಿಂತರೆ ಲಾಕಪ್. ನಿಲ್ಲದಿದ್ದರೆ ಪ್ಲಗ್, ಕಾಯಿಲ್ ಕಡೆ ನೋಡಿ. ನನ್ನದು ನಿಂತಿತು. ಐದು ಸಲ ಮಾಡಿದೆ, ಐದು ಸಲವೂ ನಿಂತಿತು.

ಲಾಕಪ್ ನಡುಕದಲ್ಲಿ ಹೆಚ್ಚಿನ ಸಲ ಆಯಿಲ್ ಪಾತ್ರ ಇರುತ್ತದೆ. ಇಲ್ಲಿ ಆಯಿಲ್ ಕೆಲಸ ಬರೀ ಜಾರಿಸುವುದಲ್ಲ. ಪ್ರೆಶರ್ ಒಯ್ಯಬೇಕು, ಬಿಸಿ ಒಯ್ಯಬೇಕು, ಜೊತೆಗೆ ಕ್ಲಚ್ ಪ್ಲೇಟ್‌ಗಳು ಎಷ್ಟು ಹಿಡಿಯಬೇಕು, ಎಷ್ಟು ಜಾರಬೇಕು ಅನ್ನುವುದನ್ನೂ ನಿಭಾಯಿಸಬೇಕು. ಅದಕ್ಕೆಂದೇ ಆಯಿಲ್‌ನಲ್ಲಿ ಘರ್ಷಣೆ ಹದ ಮಾಡುವ ವಸ್ತುಗಳನ್ನು ಬೆರೆಸಿರುತ್ತಾರೆ. ಅದು ಸವೆದುಹೋದರೆ ಪ್ಲೇಟ್ ಮೆತ್ತಗೆ ಜಾರುವ ಬದಲು ಹಿಡಿದು ಬಿಡುತ್ತದೆ. ಅದೇ ಗಡಗಡ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಈ ಕೆಲಸಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬಳಸುತ್ತಿದ್ದರು. 1970ರ ದಶಕದ ಮೊದಲ ವರ್ಷಗಳಲ್ಲಿ ಅದನ್ನು ನಿಲ್ಲಿಸಬೇಕಾಗಿ ಬಂದಾಗ ಬದಲಿ ಹುಡುಕಲು ಎಂಜಿನಿಯರ್‌ಗಳು ಸಾಕಷ್ಟು ಒದ್ದಾಡಿದರು. ಆಯಿಲ್ ಅಂದರೆ ಯಾವುದಾದರೂ ಆಯಿಲ್ ಅಲ್ಲ ಅನ್ನುವುದು ಇದಕ್ಕೇ. ಮ್ಯಾನುಯಲ್ ಯಾವ ಸ್ಪೆಸಿಫಿಕೇಶನ್ ಹೇಳುತ್ತದೋ ಅದೇ ಹಾಕಬೇಕು. ಎಲ್ಲ ಗಾಡಿಗೂ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದದ್ದನ್ನು ನಾನು ನಂಬುವುದಿಲ್ಲ.

ನನ್ನ ಗಾಡಿಯ ಮ್ಯಾನುಯಲ್‌ನಲ್ಲಿ ಆಯಿಲ್ 'ಜೀವನಪೂರ್ತಿ' ಅಂತ ಇದೆ. ಯಾರ ಜೀವನ ಅಂತ ಬರೆದಿಲ್ಲ.

ಆಯಿಲ್ ಬದಲಿಸಿದ್ದು, ನಾನೇ ಕೆಡಿಸಿಕೊಂಡದ್ದು

ಇದರಲ್ಲಿ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಇಲ್ಲ. ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆಯ (ಪ್ಯಾನ್) ಕೆಳಗೆ ಒಂದು ಪ್ಲಗ್. ಪ್ಲಗ್ ಒಳಗೆ ಮೇಲಕ್ಕೆ ನಿಂತ ಸಣ್ಣ ಪ್ಲಾಸ್ಟಿಕ್ ನಳಿಕೆ. ಆ ನಳಿಕೆಯ ತುದಿ ಎಷ್ಟು ಎತ್ತರವೋ ಅಷ್ಟೇ ಆಯಿಲ್ ಮಟ್ಟ. ಜಾಸ್ತಿ ಇದ್ದದ್ದು ನಳಿಕೆಯಿಂದ ಕೆಳಗೆ ಹರಿದುಹೋಗುತ್ತದೆ. ಪೂರ್ತಿ ಖಾಲಿ ಮಾಡಬೇಕಿದ್ದರೆ ಅಲೆನ್ ಕೀ ಹಾಕಿ ಆ ನಳಿಕೆಯನ್ನೂ ಬಿಚ್ಚಬೇಕು.

ಗಾಡಿಯನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಮಟ್ಟವಾಗಿ ನಿಲ್ಲಿಸಿದೆ. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬೇಡಿ. ಹಳೆ ಆಯಿಲ್ ಬಂದಾಗ ಬಣ್ಣ ಕಪ್ಪಿಗೆ ತಿರುಗಿದ ಕಂದು. ಹೊಸದು ಇದ್ದಾಗ ಕೆಂಪಗಿರುತ್ತದೆ. ಸುಟ್ಟ ವಾಸನೆ ಇರಲಿಲ್ಲ, ಅದು ಸಮಾಧಾನ. ಗುಲಾಬಿ ಹಾಲಿನಂತೆ ಇದ್ದಿದ್ದರೆ ಕೂಲೆಂಟ್ ಸೇರಿದೆ ಅಂತ ಅರ್ಥ, ಆಗ ಕಥೆಯೇ ಬೇರೆ.

ಪ್ಯಾನ್ ಬಿಚ್ಚಿದೆ. ಒಳಗೆ ಮ್ಯಾಗ್ನೆಟ್‌ಗಳು, ಪ್ರತಿಯೊಂದರ ಮೇಲೂ ಬೂದು ಬಣ್ಣದ ಮೆತ್ತನೆ ಪೇಸ್ಟ್. ಬೆರಳುಗಳ ನಡುವೆ ಉಜ್ಜಿ ನೋಡಿದೆ, ಹರಳು ಸಿಗಲಿಲ್ಲ, ಚುಚ್ಚಲಿಲ್ಲ. ಆ ಪೇಸ್ಟ್ ಸಹಜ ಸವೆತ. ಚೂರು, ಸಿಬಿರು, ಹೊಳೆಯುವ ಪುಡಿ ಸಿಕ್ಕಿದ್ದರೆ ಅಲ್ಲಿಗೇ ನಿಲ್ಲಿಸಿ "ಇಳಿಸಬೇಕು" ಅಂದವರ ಹತ್ತಿರ ಹೋಗುತ್ತಿದ್ದೆ. ನಿಜವಾಗಿಯೂ ಹೋಗುತ್ತಿದ್ದೆ.

ಹೊಸ ಫಿಲ್ಟರ್, ಹೊಸ ಪ್ಯಾಕಿಂಗ್. ಪ್ಯಾನ್ ಬೋಲ್ಟ್‌ಗೆ ನನ್ನ ಮ್ಯಾನುಯಲ್ ಹೇಳುವುದು 7 ನ್ಯೂಟನ್ ಮೀಟರ್. ಅಂದರೆ ಬಹಳ ಕಡಿಮೆ. ಕೈ ಅಂದಾಜಿನಲ್ಲಿ ಬಿಗಿ ಮಾಡಿದರೆ ಪ್ಯಾನ್ ಅಂಚು ಬಾಗಿ ಅಲ್ಲಿಂದಲೇ ಸೋರುತ್ತದೆ. ಚಿಕ್ಕ ಟಾರ್ಕ್ ರೆಂಚ್ ಬೇಕೇ ಬೇಕು.

ಬಂದದ್ದು 3 ಲೀಟರ್. ಒಟ್ಟು ಹಿಡಿಯುವುದು 7. ಉಳಿದ 4 ಟಾರ್ಕ್ ಕನ್ವರ್ಟರ್ ಮತ್ತು ಒಳದಾರಿಗಳಲ್ಲಿ ಕೂತಿರುತ್ತದೆ, ಪ್ಲಗ್ ಬಿಚ್ಚಿದರೆ ಬರುವುದಿಲ್ಲ. ಆದ್ದರಿಂದ ಒಂದು ಸಲ ಬದಲಿಸಿದರೆ ಹೊಸದು ಶೇಕಡಾ 43 ಮಾತ್ರ. ಇನ್ನೊಂದು ಸಲ ಮಾಡಿದರೆ 67, ಮೂರನೇ ಸಲಕ್ಕೆ 81. ನಡುನಡುವೆ ಕೆಲವು ದಿನ ಓಡಿಸಿ ಮೂರು ಸಲ ಮಾಡುವುದು ಅಂತ ಮೊದಲೇ ತೀರ್ಮಾನಿಸಿದ್ದೆ.

ಈಗ ಎಡವಟ್ಟು. 3 ಲೀಟರ್ ಬಂತು, 3 ಲೀಟರ್ ಕೈಪಂಪಿನಲ್ಲಿ ಕೆಳಗಿನಿಂದಲೇ ತುಂಬಿದೆ. ಇನ್ನು ಮಟ್ಟ ನೋಡಬೇಕು. ಎಂಜಿನ್ ಓಡುತ್ತಿರುವಾಗ, ಆಯಿಲ್ 35ರಿಂದ 45 ಡಿಗ್ರಿ ಇರುವಾಗ ಪ್ಲಗ್ ಬಿಚ್ಚಬೇಕು ಅಂತ ಮ್ಯಾನುಯಲ್ ಸ್ಪಷ್ಟವಾಗಿ ಹೇಳುತ್ತದೆ. ಬಿಸಿ ಲೆಕ್ಕ ಸರಿ ಮಾಡಿದೆ, 40 ಡಿಗ್ರಿ. ಆದರೆ ಓಡುವ ಎಂಜಿನ್ ಕೆಳಗೆ ಮಲಗಲು ಭಯವಾಗಿ ಎಂಜಿನ್ ಆಫ್ ಮಾಡಿಬಿಟ್ಟೆ. ಪ್ಲಗ್ ಬಿಚ್ಚಿದ್ದೇ ತಡ, ನಳಿಕೆಯಿಂದ ಧಾರೆಯಾಗಿ ಸುರಿಯಿತು. ಹನಿಗೆ ಬರುವವರೆಗೆ ಕಾದೆ. ಪಾತ್ರೆಯಲ್ಲಿ ಅಳೆದರೆ ಹೆಚ್ಚುಕಡಿಮೆ ಒಂದು ಲೀಟರ್. ಅಷ್ಟೊಂದು ಬಂದಾಗಲೇ ತಲೆಗೆ ಹೊಳೆಯಬೇಕಿತ್ತು, ಅಲ್ವಾ? ಹಾಕಿದ್ದು ಮೂರೇ ಲೀಟರ್. ಪಂಪ್ ನಿಂತಾಗ ಮೇಲೆ ಇದ್ದ ಆಯಿಲ್ ಪ್ಯಾನ್‌ಗೆ ಇಳಿಯುತ್ತದೆ, ಮಟ್ಟ ಏರಿದ ಹಾಗೆ ಕಾಣುತ್ತದೆ. ನಾನು ಬೇಕಾದ ಆಯಿಲನ್ನೇ ಹೊರಗೆ ಹರಿಸಿದ್ದೆ.

ಮಾರನೇ ದಿನ ಆರ್‌ಗೆ ಹಾಕಿದರೆ ಎರಡು ಸೆಕೆಂಡ್ ಏನೂ ಇಲ್ಲ, ಆಮೇಲೆ ಗಾಡಿ ಜಿಗಿಯಿತು. ತಿರುವಿನಲ್ಲಿ ಪಂಪ್ ಗುಂಯ್ ಅಂದಿತು. ಎದೆ ಹೊಡೆದುಕೊಳ್ಳಲು ಶುರುವಾಯಿತು. ಗಾಡಿ ಅಲ್ಲೇ ನಿಲ್ಲಿಸಿ, ನೋಟ್‌ಬುಕ್ ತೆಗೆದು, ಹಾಕಿದ್ದು ಮತ್ತು ಬಂದದ್ದು ಕೂಡಿ ಕಳೆದಾಗ ಉತ್ತರ ಸಿಕ್ಕಿತು. ಆಯಿಲ್ ಕಡಿಮೆ ಇಟ್ಟುಕೊಂಡು ಓಡಿಸಿದರೆ ಪಂಪ್ ಗಾಳಿ ಎಳೆಯುತ್ತದೆ, ಕ್ಲಚ್ ಜಾರಿ ಸುಡುತ್ತದೆ. ಅದೃಷ್ಟ, ಓಡಿಸಿದ್ದು ಒಂದು ಕಿಲೋಮೀಟರ್ ಕೂಡ ಇಲ್ಲ. ಆಯಿಲ್ ತಂದು ನಿಂತಲ್ಲೇ ತುಂಬಿದೆ. ಆಮೇಲೆ ಎಂಜಿನ್ ಓಡಿಸಿಯೇ ಮಟ್ಟ ನೋಡಿದೆ: ಗಾಡಿ ಸ್ಟ್ಯಾಂಡ್ ಮೇಲೆ, ಗೇರ್ ಒಂದೊಂದರಲ್ಲಿ ಕೆಲವು ಸೆಕೆಂಡ್ ನಿಲ್ಲಿಸಿ ಪಿ ಗೆ ತಂದು, ತಮ್ಮ ಸೀಟಿನಲ್ಲಿ ಕೂತು ಡಿಗ್ರಿ ಕೂಗುತ್ತಾ. "ಮೂವತ್ತೆಂಟು... ಮೂವತ್ತೊಂಬತ್ತು..." ತೆಳ್ಳಗೆ ಹರಿದು ಹನಿಗೆ ಬಂದಾಗ ಪ್ಲಗ್ ಹಾಕಿದೆ.

ಎರಡನೇ ಬದಲಾವಣೆ ಹತ್ತು ದಿನ ಬಿಟ್ಟು. ಅಷ್ಟೊತ್ತಿಗೆ ಲಾಕಪ್ ನಡುಕ ತೀರಾ ಕಡಿಮೆಯಾಗಿತ್ತು, ಎರಡನೆಯದರ ನಂತರ ಮಾಯ. 2ರಿಂದ 3ರ ಗುದ್ದು? ಹಾಗೇ ಇದೆ. ಕೂದಲೆಳೆಯಷ್ಟೂ ಬದಲಾಗಿಲ್ಲ.

ಕ್ಲಚ್ ಪಟ್ಟಿ ಮುಂದಿಟ್ಟುಕೊಂಡಾಗ

ಇಲ್ಲಿಗೆ ಮೂರು ಬೇರೆ ಬೇರೆ ತೊಂದರೆ ಅಂತ ಖಾತ್ರಿಯಾಯಿತು. ಸದ್ದು ಮೌಂಟ್‌ನದ್ದು, ನಡುಕ ಆಯಿಲ್‌ನದ್ದು, ಗುದ್ದು ಇನ್ನೇನೋ. ಆಗ ಮಾಡಿದ್ದು, ಮೊದಲೇ ಮಾಡಬೇಕಿದ್ದ ಕೆಲಸ. ರಿಪೇರಿ ಮ್ಯಾನುಯಲ್‌ನಿಂದ ಯಾವ ಗೇರಿನಲ್ಲಿ ಯಾವ ಕ್ಲಚ್ ಹಿಡಿದಿರುತ್ತದೆ ಅನ್ನುವ ಪಟ್ಟಿ ತೆಗೆದು ನೋಟ್‌ಬುಕ್‌ಗೆ ಇಳಿಸಿಕೊಂಡೆ. ನನ್ನ ಗೇರ್‌ಬಾಕ್ಸಿನಲ್ಲಿ ಮೂರು ಕ್ಲಚ್ (ಕೆ), ಎರಡು ಬ್ರೇಕ್ (ಬಿ; ಚಕ್ರದ ಬ್ರೇಕ್ ಅಲ್ಲ, ಗೇರ್‌ಬಾಕ್ಸ್ ಒಳಗಿನ ಭಾಗ ತಿರುಗದಂತೆ ಹಿಡಿಯುವಂಥದ್ದು):

1 – ಕೆ1 (ಜೊತೆಗೆ ಒನ್‌ವೇ ಕ್ಲಚ್)
2 – ಕೆ1, ಬಿ1
3 – ಕೆ1, ಕೆ3
4 – ಕೆ1, ಕೆ2
5 – ಕೆ2, ಕೆ3
6 – ಕೆ2, ಬಿ1
ಆರ್ – ಕೆ3, ಬಿ2

ಪಕ್ಕದಲ್ಲಿ ನನ್ನ ದೂರುಗಳು: 3ಕ್ಕೆ ಹೋಗುವಾಗ ಗುದ್ದು. 5ಕ್ಕೆ ಹೋಗುವಾಗ ಸಣ್ಣ ಗುದ್ದು. ಆರ್‌ನಲ್ಲಿ ಉಳಿದ ಅರ್ಧ ಸದ್ದು. ಮೂರರಲ್ಲೂ ಹೊಸದಾಗಿ ಹಿಡಿಯುವುದು ಕೆ3. 2ಕ್ಕೆ ಹೋಗುವಾಗ ಕೆ3 ಕೆಲಸ ಇಲ್ಲ, ಅಲ್ಲಿ ಗುದ್ದೂ ಇಲ್ಲ. 6ಕ್ಕೆ ಹೋಗುವಾಗ ಕೆ3 ಬಿಡುತ್ತದೆ, ಹಿಡಿಯುವುದಿಲ್ಲ. ಇಷ್ಟು ದಿನ ಇಡೀ ಗೇರ್‌ಬಾಕ್ಸ್ ಮೇಲಿದ್ದ ಅನುಮಾನ ಒಂದೇ ಕ್ಲಚ್‌ನ ದಾರಿಗೆ ಇಳಿಯಿತು.

ಫೋನಿನಲ್ಲಿ ಗ್ರಾಫ್ ಹಾಕಿ ಓಡಿಸಿದೆ. ತಮ್ಮ ಪಕ್ಕದಲ್ಲಿ ಕೂತು ರೆಕಾರ್ಡ್ ಮಾಡಿದ. 1ರಿಂದ 2ಕ್ಕೆ ಹೋಗುವಾಗ ಟರ್ಬೈನ್ (ಟಾರ್ಕ್ ಕನ್ವರ್ಟರ್‌ನಿಂದ ಗೇರ್‌ಬಾಕ್ಸ್ ಒಳಕ್ಕೆ ತಿರುಗುವ ಭಾಗ) ವೇಗದ ಗೆರೆ ಇಳಿಜಾರಿನ ಹಾಗೆ ನೀಟಾಗಿ ಇಳಿಯುತ್ತದೆ. 2ರಿಂದ 3ಕ್ಕೆ ಹೋಗುವಾಗ ಆ ಗೆರೆ ಮೊದಲು ನಿಮಿಷಕ್ಕೆ ಸುಮಾರು 150 ಸುತ್ತು ಮೇಲೇರಿ, ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಬಂಡೆಯಿಂದ ಬಿದ್ದ ಹಾಗೆ ನೆಟ್ಟಗೆ ಇಳಿಯಿತು. ಅರ್ಥ ಇಷ್ಟೆ: ಬಿ1 ಬಿಟ್ಟಿತು, ಕೆ3 ಹಿಡಿಯಲು ತಡಮಾಡಿತು, ಆ ಸಂದಿನಲ್ಲಿ ಎಂಜಿನ್ ಹಿಡಿತವಿಲ್ಲದೆ ಏರಿತು. ಗಾಬರಿಯಾದ ಕಂಪ್ಯೂಟರ್ ಪ್ರೆಶರ್ ಏರಿಸಿತು, ಕೆ3 ಧಬಕ್ ಅಂತ ಹಿಡಿಯಿತು. ಗುದ್ದು ಅನ್ನುವುದು ಕೊನೆಯ ಭಾಗ. ತೊಂದರೆ ಇರುವುದು ಅದರ ಮುಂಚಿನ ಕಾಲು ಸೆಕೆಂಡಿನಲ್ಲಿ. ಅದೇ ಗ್ರಾಫ್‌ನಲ್ಲಿ ಇನ್ನೊಂದೂ ಕಂಡಿತು: 3ರಿಂದ 4ಕ್ಕೆ ಕೆ3 ಬಿಡುವಾಗಲೂ ಒಂದು ಸಣ್ಣ ತಡೆ. ಕೂತವನಿಗೆ ಗೊತ್ತಾಗದಷ್ಟು.

ಹಿಡಿಯಲು ತಡ ಆಗಲು ಕಾರಣ ಮೂರಿರಬಹುದು. ಕೆ3 ಪಿಸ್ಟನ್ ಸೀಲ್ ಸೋರುತ್ತಿದೆ, ಆಗ ಗೇರ್‌ಬಾಕ್ಸ್ ಇಳಿಸಲೇಬೇಕು. ವಾಲ್ವ್ ಬಾಡಿಯಲ್ಲಿ (ಆಯಿಲನ್ನು ಆಯಾ ಕ್ಲಚ್‌ಗೆ ಹಂಚುವ ಭಾಗ) ವಾಲ್ವ್ ಕೂರುವ ತೂತು ಸವೆದಿದೆ. ಇಲ್ಲ, ಕೆ3ಗೆ ಪ್ರೆಶರ್ ಕೊಡುವ ಸೊಲೆನಾಯ್ಡ್ (ಕರೆಂಟಿನಿಂದ ಆಡುವ ವಾಲ್ವ್) ಅಂಟುತ್ತಿದೆ. ಕೊನೆಯ ಎರಡು ಪ್ಯಾನ್ ಬಿಚ್ಚಿದರೆ ಕೈಗೆ ಸಿಗುವಂಥವು. ಹೇಗೂ ಮೂರನೇ ಸಲ ಆಯಿಲ್ ಬದಲಿಸುವುದಿತ್ತು.

ಹೇರ್ ಡ್ರೈಯರ್ ಹಿಡಿದ ಭಾನುವಾರ

ವಾಲ್ವ್ ಬಾಡಿ ಬಿಚ್ಚುವ ಮುಂಚೆ ಒಂದು ರಟ್ಟಿನ ಮೇಲೆ ಅದರ ಆಕಾರ ಬರೆದು ಬೋಲ್ಟ್ ಜಾಗದಲ್ಲಿ ತೂತು ಮಾಡಿದೆ. ಬಿಚ್ಚಿದ ಬೋಲ್ಟ್ ಅದೇ ತೂತಿಗೆ. ಬೋಲ್ಟ್‌ಗಳಲ್ಲಿ ಉದ್ದದ್ದು, ಗಿಡ್ಡದ್ದು ಅಂತ ಎರಡು ಅಳತೆ ಇವೆ, ಅದಲು ಬದಲಾದರೆ ಒಂದೋ ಬಿಗಿಯಾಗುವುದಿಲ್ಲ, ಇಲ್ಲ ಅಲ್ಯೂಮಿನಿಯಂ ಎಳೆ ಕಿತ್ತು ಬರುತ್ತದೆ. ನಾರು ಬಿಡುವ ಬಟ್ಟೆ ಹತ್ತಿರ ಸುಳಿಯಬಾರದು. ಒಂದು ದಾರದ ಎಳೆ ಸಾಕು ವಾಲ್ವ್ ಸಿಕ್ಕಿಕೊಳ್ಳಲು.

ಮೊದಲು ಮಲ್ಟಿಮೀಟರ್. ಕ್ಲಚ್ ಮತ್ತು ಬ್ರೇಕ್‌ಗೆ ಪ್ರೆಶರ್ ಕೊಡುವ ನಾಲ್ಕು ಸೊಲೆನಾಯ್ಡ್‌ಗಳೂ 5.1ರಿಂದ 5.4 ಓಮ್. ಮ್ಯಾನುಯಲ್ ಹೇಳುವ ಮಿತಿಯೊಳಗೇ. ಕೋಡ್ ಯಾಕೆ ಬರಲಿಲ್ಲ ಅಂದರೆ ಇದಕ್ಕೇ, ಕರೆಂಟ್ ಕಡೆಯಿಂದ ಎಲ್ಲ ಸರಿ ಇದೆ.

ಆಮೇಲೆ 12 ವೋಲ್ಟ್ ಬ್ಯಾಟರಿ ಕೊಟ್ಟು ಒಳಗಿನ ವಾಲ್ವ್ ಓಡಾಡುತ್ತದೆಯಾ ನೋಡಿದೆ. ನೇರ ಕೊಡಬಾರದು. 5 ಓಮ್‌ಗೆ 12 ವೋಲ್ಟ್ ಅಂದರೆ 2 ಆಂಪಿಯರ್ ದಾಟುತ್ತದೆ, ಕಾಯಿಲ್ ಸುಟ್ಟೀತು. ನಡುವೆ ಇಂಡಿಕೇಟರ್‌ನ 21 ವ್ಯಾಟ್ ಬಲ್ಬ್ ಒಂದನ್ನು ಸಾಲಾಗಿ ಸೇರಿಸಿದರೆ ಕರೆಂಟ್ ಸುಮಾರು ಒಂದು ಆಂಪಿಯರ್‌ಗೆ ಇಳಿಯುತ್ತದೆ. ವಯರ್ ಮುಟ್ಟಿಸಿದೆ. ಟಕ್. ಟಕ್. ಟಕ್. ಟಕ್. ನಾಲ್ಕೂ ಸರಿ. ಬಲ್ಬ್ ನಾಲ್ಕು ಸಲ ಮಿಣಕ್ ಅಂತು. ನನ್ನ ಮುಖ ಆರಿತು.

ಎಲ್ಲವನ್ನೂ ಒರೆಸಿ ಜೋಡಿಸಿಬಿಡೋಣ ಅಂತ ಕೈ ಹಾಕಿದವನು ನೋಟ್‌ಬುಕ್ ನೋಡಿ ನಿಂತೆ. '70 ಡಿಗ್ರಿ ದಾಟಿದ ಮೇಲೆ ಜಾಸ್ತಿ.' ನಾನು ಪರೀಕ್ಷೆ ಮಾಡುತ್ತಿರುವುದು ಕೋಣೆಯ ತಂಪಿನಲ್ಲಿ.

ಹೇರ್ ಡ್ರೈಯರ್ ತಂದು ನಾಲ್ಕನ್ನೂ ಕಾಯಿಸಿದೆ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದ ಮೇಲೆ ಮತ್ತೆ ಓಮ್ ನೋಡಿದೆ, ಎಲ್ಲವೂ ಒಟ್ಟಿಗೆ 6ರ ಹತ್ತಿರಕ್ಕೆ ಏರಿತ್ತು. ತಾಮ್ರ ಬಿಸಿಯಾದರೆ ಏರುವುದೇ, ಅದರಲ್ಲಿ ವಿಶೇಷವಿಲ್ಲ. ವಯರ್ ಮುಟ್ಟಿಸಿದೆ. ಮೊದಲನೆಯದು ಟಕ್. ಎರಡನೆಯದು ಟಕ್. ಕೆ3ರದ್ದು... ಬಲ್ಬ್ ಹತ್ತಿತು, ಸದ್ದಿಲ್ಲ. ಮತ್ತೆ ಮುಟ್ಟಿಸಿದೆ. ಇಲ್ಲ. ಮೂರನೇ ಸಲಕ್ಕೆ 'ಟ...ಕ್' ಅಂತ ಎಳೆದುಕೊಂಡು ಬಂತು. ವಯರ್ ತೆಗೆದರೆ ವಾಪಸ್ ಹೋಗಲೂ ತಡ. ಇಪ್ಪತ್ತು ಸಲ ಮಾಡಿ ಗೀಟು ಹಾಕಿದೆ: ಏಳು ಸಲ ಸರಿ, ಹದಿಮೂರು ಸಲ ತಡ ಇಲ್ಲವೇ ಇಲ್ಲ. ಉಳಿದ ಮೂರೂ ಇಪ್ಪತ್ತಕ್ಕೆ ಇಪ್ಪತ್ತು.

ತಮ್ಮನನ್ನು ಕೂಗಿ ಕರೆದು ಅವನ ಕೈಯಲ್ಲೂ ಒಂದು ಸಲ ಮಾಡಿಸಿದೆ. ಸುಮ್ನೆ, ಇನ್ನೊಬ್ಬರು ನೋಡಲಿ ಅಂತ.

ಅದನ್ನು ಕ್ಲೀನರ್ ಹಾಕಿ ತೊಳೆದು ಮತ್ತೆ ನೋಡಿದೆ. ಹದಿನೈದಕ್ಕೆ ಏರಿತು. ಅದು ಸಾಲದು. ತೊಳೆದ ಸೊಲೆನಾಯ್ಡ್ ನಂಬಿ ಪ್ಯಾನ್ ಮುಚ್ಚುವುದು ನನಗೆ ಹಿಡಿಸಲಿಲ್ಲ, ಹೊಸದು ತರಿಸಿದೆ. ಬೇರೆ ಜಾಗದ ಸೊಲೆನಾಯ್ಡ್ ಕಿತ್ತು ಇಲ್ಲಿ ಹಾಕುವ ಆಸೆಯೂ ಬಂದಿತ್ತು, ನೋಡಲು ಒಂದೇ ಥರ ಇವೆ. ಮಾಡಲಿಲ್ಲ. ಎಷ್ಟು ಕರೆಂಟ್‌ಗೆ ಎಷ್ಟು ಪ್ರೆಶರ್ ಅನ್ನುವ ಅಳತೆ ಒಂದರಿಂದ ಒಂದಕ್ಕೆ ಬೇರೆ ಇರಬಹುದು.

ಹೊಸದು ಬರುವವರೆಗೆ ಕೆ3 ವಾಲ್ವ್‌ನ ತೂತು ನೋಡಿದೆ. ವಾಲ್ವ್‌ಗೆ ಆಯಿಲ್ ಸವರಿ ತೂತಿಗೆ ಬಿಟ್ಟು ಓರೆ ಹಿಡಿದರೆ ತನ್ನ ಭಾರಕ್ಕೇ ನಿಧಾನವಾಗಿ ಜಾರಬೇಕು. ಜಾರಿತು. ಗೀರಿಲ್ಲ, ಅಲುಗಾಟ ಇಲ್ಲ.

ಜೋಡಣೆ

ವಾಲ್ವ್ ಬಾಡಿ ಮೇಲೆತ್ತಿ ಎರಡು ಬೋಲ್ಟ್ ಬೆರಳಲ್ಲೇ ಹಿಡಿಸಿ, ಉಳಿದವನ್ನು ನಡುವಿನಿಂದ ಹೊರಕ್ಕೆ ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಿದೆ. ಪ್ಯಾನ್ ಮುಚ್ಚುವ ಮುಂಚೆ ತಮ್ಮನಿಗೆ ಒಳಗೆ ಲಿವರ್ ಆಡಿಸಲು ಹೇಳಿದೆ. "ಪಿ... ಆರ್... ಎನ್... ಡಿ..." ಅವನು ಕೂಗುತ್ತಿದ್ದಾನೆ, ಕೆಳಗೆ ಲಿವರ್ ಜೊತೆ ಆಡಬೇಕಾದ 'ಮ್ಯಾನುಯಲ್ ವಾಲ್ವ್' ಮಾತ್ರ ಕದಲುತ್ತಿಲ್ಲ. ಲಿವರ್‌ನ ಪಿನ್ ವಾಲ್ವ್‌ನ ಕಚ್ಚಿನಲ್ಲಿ ಕೂತಿರಲಿಲ್ಲ. ಹಾಗೇ ಮುಚ್ಚಿದ್ದರೆ ಲಿವರ್ ಎಲ್ಲಿಟ್ಟರೂ ಗೇರ್ ಒಂದೇ. ಮತ್ತೆ ಎಲ್ಲ ಬಿಚ್ಚಿ ಪಿನ್ ಕೂರಿಸಿದೆ. ಇಪ್ಪತ್ತು ನಿಮಿಷ ಹೋಯಿತು, ಬೈದುಕೊಳ್ಳಲಿಲ್ಲ.

ಆಯಿಲ್ ತುಂಬಿ, ಎಂಜಿನ್ ಓಡಿಸಿಯೇ, 40 ಡಿಗ್ರಿಯಲ್ಲಿ ಮಟ್ಟ ನೋಡಿದೆ.

ಹಳೆ ಪಾಠ ಮರೆಸುವುದು

ಹೊಸ ಸೊಲೆನಾಯ್ಡ್ ಹಾಕಿ ಓಡಿಸಿದರೆ ಗುದ್ದು ಮೊದಲಿಗಿಂತ ಜೋರಾಗಿತ್ತು. ಆದರೆ ಈ ಸಲ ಗಾಬರಿಯಾಗಲಿಲ್ಲ. ಪ್ರತಿ ಕ್ಲಚ್ ತುಂಬಲು ಎಷ್ಟು ಹೊತ್ತು, ಎಷ್ಟು ಪ್ರೆಶರ್ ಬೇಕು ಅಂತ ಕಂಪ್ಯೂಟರ್ ಓಡುತ್ತಾ ಓಡುತ್ತಾ ಕಲಿಯುತ್ತಿರುತ್ತದೆ. ಅಂಟುವ ಸೊಲೆನಾಯ್ಡ್‌ಗೆ ಅಂತ ಅದು ಕೆ3ಗೆ ಜಾಸ್ತಿ ಪ್ರೆಶರ್ ಕೊಡುವುದು ಕಲಿತಿತ್ತು. ಈಗ ಸೊಲೆನಾಯ್ಡ್ ಚುರುಕು, ಕಂಪ್ಯೂಟರ್ ಮಾತ್ರ ಹಳೆ ಲೆಕ್ಕದಲ್ಲೇ ತಳ್ಳುತ್ತಿದೆ.

ಸ್ಕ್ಯಾನರ್‌ನಿಂದ ಕಲಿತ ಲೆಕ್ಕ ಅಳಿಸಿದೆ. ನನ್ನ ಆ್ಯಪ್‌ನಲ್ಲಿ ಅದಕ್ಕೆ ದಾರಿ ಇತ್ತು. ಎಷ್ಟೋ ಗಾಡಿಗಳಲ್ಲಿ ಬ್ಯಾಟರಿ ವಯರ್ ಬಿಚ್ಚಿದರೆ ಇದು ಅಳಿಯುವುದಿಲ್ಲ. ಆಮೇಲೆ ಆಯಿಲ್ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಒಂದು ಗಂಟೆ: ಹಗುರ ಕಾಲಿನಲ್ಲಿ ಒಂದರಿಂದ ಆರರವರೆಗೆ ಏರಿಸುವುದು, ಕಾಲು ತೆಗೆದು ತಾನಾಗಿ ಇಳಿದು ನಿಲ್ಲಲು ಬಿಡುವುದು, ಮತ್ತೆ ಏರಿಸುವುದು. ಮೊದಲ ಐದಾರು ಸುತ್ತು ಒರಟು. ಹತ್ತನೇ ಸುತ್ತಿಗೆ 3ಕ್ಕೆ ಬಿದ್ದದ್ದು ಮೀಟರ್ ಮುಳ್ಳು ನೋಡಿಯೇ ಗೊತ್ತಾಗಬೇಕಾಯಿತು. ಗ್ರಾಫ್‌ನಲ್ಲಿ 150 ಸುತ್ತಿನ ಆ ಗೂನು ಇಲ್ಲ. ಆರ್‌ಗೆ ಹಾಕಿದರೆ ಸದ್ದಿಲ್ಲ, ಲೈಟ್ ಹತ್ತಿದ್ದು ನೋಡಿ ಬ್ರೇಕ್ ಬಿಡುತ್ತೇನೆ.

ಮತ್ತೆ ಮಾಡುವುದಾದರೆ ಮೊದಲ ಸಲವೇ ಪ್ಯಾನ್ ಬಿಚ್ಚಿದಾಗ ವಾಲ್ವ್ ಬಾಡಿಯನ್ನೂ ಇಳಿಸಿ ಬಿಸಿ ಪರೀಕ್ಷೆ ಮಾಡುತ್ತಿದ್ದೆ. ಒಂದು ಪ್ಯಾಕಿಂಗ್ ಮತ್ತು ಎಷ್ಟೋ ತಲೆಬಿಸಿ ಉಳಿಯುತ್ತಿತ್ತು. ಮುಂದಿನ ಆಯಿಲ್ 50,000 ಕಿಲೋಮೀಟರ್‌ಗೆ ಅಂತ ನೋಟ್‌ಬುಕ್‌ನ ಕೊನೆಯ ಹಾಳೆಯಲ್ಲಿ ಬರೆದಿದ್ದೇನೆ, ಮ್ಯಾನುಯಲ್ ಏನೇ ಹೇಳಲಿ.

ಮೊನ್ನೆ 1,200 ಕಿಲೋಮೀಟರ್ ಆದ ಮೇಲೆ ಕೆಳಗೆ ಇಣುಕಿದೆ. ಪ್ಯಾನ್‌ನ ಹಿಂದಿನ ಮೂಲೆಯಲ್ಲಿ ಸ್ವಲ್ಪ ಜಿಡ್ಡು. ಒರೆಸಿ, ಟಾರ್ಕ್ ರೆಂಚ್ 7ಕ್ಕೆ ಇಟ್ಟು ಬೋಲ್ಟ್‌ಗಳನ್ನು ಒಂದು ಸುತ್ತು ನೋಡಿ, ಕೆಳಗೆ ರಟ್ಟು ಹಾಸಿಟ್ಟೆ. ಮೂರು ದಿನವಾಯಿತು, ರಟ್ಟು ಒಣಗಿಯೇ ಇದೆ.